ಆನೆಯ ಕೊರಳಿಗೆ ಕರೆಂಟು ಕಳಿಸಿದವರು

ನಮ್ಮ ಭೌತಶಾಸ್ತ್ರದ ಮೇಡಂ ಒಂದು ದಿನವೂ ಕಾಲೇಜಿಗೆ ತಡವಾಗಿ ಬಂದವರಲ್ಲ ಎಂದು ಬೀಳ್ಕೊಡುಗೆ ಸಮಾರಂಭದಲ್ಲಿ ಪ್ರಾಂಶುಪಾಲರು ಹೇಳಿದಾಗ, ವೇದಿಕೆಯ ಮೇಲಿದ್ದ ಮೇಡಂ ನನ್ನ ಕಡೆ ನೋಡಿದರು. ನಾನು ಬೇರೆ ಕಡೆ ಮುಖ ತಿರುಗಿಸಿಕೊಂಡೆ. ಹುಣಸೂರಿನಿಂದ ನಮ್ಮ ಕಾಲೇಜಿರುವ ಕೋಟೆಗೆ ಹೋಗುವ ಬಸ್ಸಿನಲ್ಲಿ ವರ್ಷಗಟ್ಟಲೆ ಅವರ ಜೊತೆ ಓಡಾಡಿದವನು ನಾನು. ಏನೋ ಯೋಚಿಸುತ್ತ ಕಾಲೇಜಿನ ಸ್ಟಾಪು ದಾಟಿ, ಬಸ್ ಸ್ಟ್ಯಾಂಡಿನವರೆಗೂ ಹೋಗಿ, ಅಲ್ಲಿಂದ ಬಿಸಿಲಲ್ಲಿ ನಡೆದು ಅವರು ವಾಪಸು ಬಂದದ್ದು ಎಷ್ಟು ಸಲವೋ. ಕಂಡಕ್ಟರಿಗೂ ಅದು ಅಭ್ಯಾಸವಾಗಿತ್ತು. “ಕಾಲೇಜು ಬಂತು ಕಣ್ರಮ್ಮ, ಲೆಕ್ಕ ಅಲ್ಲಿಗೇ ನಿಲ್ಸಿ ಇಳೀರಿ” ಎನ್ನುತ್ತಿದ್ದ.

ಅಂದು ಮಾತಾಡಿದವರೆಲ್ಲ ಶಿಸ್ತು, ಸರಳತೆ, ಸಮಯಪಾಲನೆ ಎಂದರು. ಈ ಮಾತುಗಳನ್ನು ಯಾರ ಬೀಳ್ಕೊಡುಗೆಯಲ್ಲೂ ಹೇಳಬಹುದು. ಮೇಡಂ ಮಾಡಿದ್ದೇನು ಎಂದು ಯಾರೂ ಬಿಡಿಸಿ ಹೇಳಲಿಲ್ಲ. ನಾನು ಕನ್ನಡ ಪಾಠ ಮಾಡುವವನು, ಭೌತಶಾಸ್ತ್ರ ನನಗೆ ದೂರದ ನೆಂಟ. ಆದರೂ ಹತ್ತಿರ ನಿಂತು ನೋಡಿದ್ದನ್ನು ಬರೆಯದೆ ಇರಲಾರೆ. ಹೆಸರು ಬೇಕಿಲ್ಲ. ನಮ್ಮ ಕಡೆ ಮೇಡಂ ಎಂದರೆ ಅವರೇ.

ಅವರದು ಕಟ್ಟೆಮಳಲವಾಡಿ, ಹೊಗೆಸೊಪ್ಪು ಬೆಳೆಯುವ ಮನೆತನ. ಚಿಕ್ಕಂದಿನಲ್ಲಿ ಸೊಪ್ಪನ್ನು ಬಿಸಿಗಾಳಿಯಲ್ಲಿ ಬೇಯಿಸುವ ಬ್ಯಾರನ್ ಮನೆಯ ಮುಂದೆ ಕೂತು ಅವರು ಎಲೆ ಎತ್ತಿ ಕೊಡುವುದು, ಅವರವ್ವ ಅದನ್ನು ದಾರದಲ್ಲಿ ಕೋಲಿಗೆ ಕಟ್ಟುವುದು. ಮೇಡಂ ಯೋಚನೆಗೆ ಬಿದ್ದರೆ ಈಗಲೂ ಅವರ ಬಲಗೈಯ ಬೆರಳುಗಳು ಇಲ್ಲದ ಎಲೆಗಳನ್ನು ಜೋಡಿಸುತ್ತಿರುತ್ತವೆ. ಸ್ಟಾಫ್ ರೂಮಿನಲ್ಲಿ ಆ ಬೆರಳು ಆಡತೊಡಗಿದರೆ ನಾವು ಮಾತಾಡಿಸುತ್ತಿರಲಿಲ್ಲ.

ಐವತ್ತು ದಾಟಿದ ಮೇಲೆ ಅವರು ಪಿಎಚ್‌ಡಿಗೆ ಸೇರಿದರು. ಆ ದಿನಗಳಲ್ಲಿ ಒಂದು ಭಾನುವಾರ ಅವರ ಮನೆಗೆ ಊಟಕ್ಕೆ ಹೋಗಿದ್ದೆ. ಅವರವ್ವ ಆಗ ಇನ್ನೂ ಗಟ್ಟಿಯಾಗಿದ್ದರು. ನನ್ನ ಎದುರಿಗೇ ಮಗಳನ್ನು ಕೇಳಿದರು: “ಈ ವಯಸ್ನಲ್ಲಿ ಅದೇನವ್ವ ನೀನು ಓದದು?”

“ನಾನ್-ಹರ್ಮಿಷಿಯನ್ ಅಂತ ಕಣವ್ವ.”

“ನೀನು ಅದಾರ ಆಗು, ಇನ್ನೊಂದಾರ ಆಗು. ಮೇಷ್ಟ್ರ ಮುದ್ದೆ ತಣ್ಗಾಯ್ತದೆ, ಮೊದ್ಲು ಬಡ್ಸು.”

ಮೇಡಂ ಮುದ್ದೆಯ ತಟ್ಟೆ ಹಿಡಿದು ನಕ್ಕ ನಗೆ ಇನ್ನೂ ಕಿವಿಯಲ್ಲಿದೆ. ಮರುದಿನ ಬಸ್ಸಿನಲ್ಲಿ ಆ ಪದದ ಅರ್ಥ ಕೇಳಿದೆ. ಅವರು ಕಿಟಕಿಯಾಚೆ ನೋಡುತ್ತ ಹೇಳಿದರು: “ಪುಸ್ತಕದಲ್ಲಿ ನಾವು ಪಾಠ ಮಾಡೋ ಲೋಕಕ್ಕೆ ಮುಚ್ಚಳ ಇರ್ತದೆ ಮೇಷ್ಟ್ರೇ. ಒಳಗಿನ ಶಕ್ತಿ ಹೊರಗೆ ಹೋಗಲ್ಲ, ಹೊರಗಿಂದು ಒಳಗೆ ಬರಲ್ಲ. ಲೆಕ್ಕ ಚೆಂದಾಗಿ ಬರ್ತದೆ. ನಿಜವಾದ ಲೋಕದಲ್ಲಿ ಎಲ್ಲ ಸೋರ್ತದೆ. ಆ ಸೋರೋದನ್ನ, ಹಾಗೇ ಹೊರಗಿಂದ ತುಂಬೋದನ್ನ, ಎರಡನ್ನೂ ಲೆಕ್ಕದೊಳಕ್ಕೇ ಸೇರಿಸ್ಕೊಂಡ್ರೆ ನಾನ್-ಹರ್ಮಿಷಿಯನ್.”

ತರಗತಿಯಲ್ಲೂ ಅವರು ಇದನ್ನು ಬಿಡುತ್ತಿರಲಿಲ್ಲ. ಪ್ರಯೋಗ ಮುಗಿಸಿದ ಹುಡುಗರನ್ನು ಉತ್ತರ ಎಷ್ಟು ಬಂತು ಎಂದು ಕೇಳುವ ಮೊದಲು ಎಷ್ಟು ಸೋರಿತು ಎಂದು ಕೇಳುವರು. ಪುಸ್ತಕದಲ್ಲಿದ್ದ ಹಾಗೇ ಉತ್ತರ ತಂದವನಿಗೆ, “ಇಷ್ಟು ಚೆಂದ ಬಂದಿದೆ ಅಂದ್ರೆ ನೀನು ಹಾಸ್ಟೆಲ್‌ನಲ್ಲೇ ಬರ್ಕೊಂಡು ಬಂದಿದ್ದೀಯ, ಇನ್ನೊಂದ್ಸಲ ಮಾಡು” ಎಂದು ಕಳಿಸುವರು. ಅವರ ಅನುಮಾನ ಬಹುಪಾಲು ನಿಜವಾಗಿರುತ್ತಿತ್ತು.

ಅವರ ಸಂಶೋಧನೆ ತಂತಿಯಿಲ್ಲದೆ ವಿದ್ಯುತ್ತು ಕಳಿಸುವ ವಿಷಯದ್ದು. ಬಹುಕಾಲ ಅದು ಬರೀ ಕಾಗದದ ಮೇಲಿತ್ತು. ಕಾಗದದಿಂದ ಕೆಳಗಿಳಿದದ್ದು ಪವಿತ್ರ ಎಂಬ ವಿದ್ಯಾರ್ಥಿನಿಯ ಕಾರಣದಿಂದ.

ಪವಿತ್ರ ಬೇಗೂರಿನ ಹತ್ತಿರದ, ಕಾಡಂಚಿನ ಒಂದು ಬುಡಕಟ್ಟು ಹಾಡಿಯ ಹುಡುಗಿ. ಅವಳ ಅಪ್ಪ ಆನೆ ಶಿಬಿರದಲ್ಲಿ ಮಾವುತ. ಬಿಎಸ್ಸಿ ಎರಡನೇ ವರ್ಷದಲ್ಲಿ ಅವಳು ಕಿರುಪರೀಕ್ಷೆಗೆ ಬರಲಿಲ್ಲ. ಮುಂದಿನ ವಾರ ಬಂದಾಗ ಮೇಡಂ ಸ್ಟಾಫ್ ರೂಮಿಗೆ ಕರೆಸಿ ಕಾರಣ ಕೇಳಿದರು. ನಾನು ಪಕ್ಕದ ಮೇಜಿನಲ್ಲಿದ್ದೆ.

“ನಮ್ಮ ಮಾವ ತೀರ್ಕೊಂಡ್ರು ಮೇಡಂ. ಬೆಳಿಗ್ಗೆ ಡೈರಿಗೆ ಹಾಲು ತಕೊಂಡು ಓಗ್ತಿದ್ರು. ತಿರುವಲ್ಲಿ ಆನೆ ನಿಂತಿತ್ತು.”

ಮೇಡಂ ಎದ್ದು ಅವಳನ್ನು ತಮ್ಮ ಕುರ್ಚಿಯಲ್ಲಿ ಕೂರಿಸಿದರು. ಕುಡಿಯಲು ನೀರು ಕೊಟ್ಟು, “ಆನೆ ಬಂದ್ರೆ ಫೋನಿಗೆ ಮೆಸೇಜು ಬರ್ತಿತ್ತಲ್ಲಮ್ಮ?” ಎಂದರು.

ನಮ್ಮ ಕಡೆ ಅದೊಂದು ಏರ್ಪಾಡಿದೆ. ಹಿಂಡಿನ ಹಿರಿಯ ಹೆಣ್ಣಾನೆಯ ಕೊರಳಿಗೆ ರೇಡಿಯೋ ಕಾಲರ್ ಎಂಬ ಪಟ್ಟಿ ಹಾಕಿರುತ್ತಾರೆ. ಆನೆ ಎಲ್ಲಿದೆ ಎಂಬುದನ್ನು ಅದು ತಿಳಿಸುತ್ತಿರುತ್ತದೆ. ಹಿಂಡು ಊರ ಹತ್ತಿರ ಬಂದರೆ ಸುತ್ತಲಿನವರ ಮೊಬೈಲಿಗೆ ಸಂದೇಶ ಹೋಗುತ್ತದೆ.

“ಆ ಆನೆ ಪಟ್ಟಿ ಬ್ಯಾಟರಿ ಸತ್ತೋಗಿತ್ತು ಮೇಡಂ. ಬದಲಾಯಿಸ್ಬೇಕು ಅಂದ್ರೆ ನಿದ್ದೆ ಮದ್ದು ಹೊಡ್ದು ಆನೇನ ಕೆಡವ್ಬೇಕು. ನಮ್ಮಪ್ಪ ಹೋದ್ ಸಲ ಅದ್ಕೇ ಹೋಗಿ ಕಾಲು ಮುರ್ಕೊಂಡಿದ್ದು. ಮದ್ದು ಹೆಚ್ಚುಕಮ್ಮಿ ಆದ್ರೆ ಆನೇನೂ ಉಳಿಯಲ್ಲ. ಅದ್ಕೇ ಎಲ್ರೂ ಹೆದರ್ತಾರೆ.”

ಮೇಡಂ ಮೇಜಿಗೆ ಒರಗಿ ನಿಂತರು. ಅವರ ಬೆರಳು ಎಲೆ ಜೋಡಿಸತೊಡಗಿದ್ದನ್ನು ನೋಡಿದೆ. ಅಂದು ಸಂಜೆ ಬಸ್ಸು ಹುಣಸೂರು ಮುಟ್ಟುವವರೆಗೂ ಆ ಬೆರಳು ಆಡುತ್ತಲೇ ಇತ್ತು. ಇಳಿಯುವಾಗ, “ಇಷ್ಟು ವರ್ಷ ಗಾಳೀಲಿ ಲೆಕ್ಕ ಮಾಡ್ತಿದ್ದೆ ಮೇಷ್ಟ್ರೇ. ಈಗ ಅದಕ್ಕೊಂದು ಕೊರಳು ಸಿಕ್ತು” ಎಂದರು.

ಕೆಲಸ ಏನೆಂದು ನನಗೆ ತಿಳಿದಷ್ಟು ಹೇಳುತ್ತೇನೆ. ಒಂದು ತಂತಿಸುರುಳಿಯಲ್ಲಿ ವಿದ್ಯುತ್ತು ಕಂಪಿಸಿದರೆ, ಅದೇ ಶ್ರುತಿಗೆ ಕೂಡಿಸಿದ ಇನ್ನೊಂದು ಸುರುಳಿ ಸ್ವಲ್ಪ ದೂರದಲ್ಲಿದ್ದರೂ ಅದನ್ನು ಎಳೆದುಕೊಳ್ಳುತ್ತದೆ. ಮೊಬೈಲನ್ನು ತಟ್ಟೆಯ ಮೇಲಿಟ್ಟು ಚಾರ್ಜ್ ಮಾಡುವುದೂ ಹೆಚ್ಚುಕಡಿಮೆ ಹೀಗೇ. ಮೊಬೈಲು ಅಲ್ಲಾಡದೆ ಇಟ್ಟಲ್ಲೇ ಇರುತ್ತದೆ. ಆನೆ ಹಾಗೆ ಇರುವುದಿಲ್ಲ. ಸುರುಳಿಗಳ ನಡುವಿನ ದೂರ ಬದಲಾದರೆ ಜೋಡಿಯ ಶ್ರುತಿಯೂ ಬದಲಾಗುತ್ತದೆ. ಕಳಿಸುವ ಸುರುಳಿ ಹಳೆಯ ಶ್ರುತಿಯಲ್ಲೇ ಹಾಡುತ್ತಿರುತ್ತದೆ. ತಮಾಷೆಯೆಂದರೆ, ತೀರ ಹತ್ತಿರ ಬಂದಾಗಲೂ ವಿದ್ಯುತ್ತು ಕಡಿಮೆಯಾಗುತ್ತದೆ. ಪ್ರತಿ ಸಲ ದೂರ ಅಳೆದು ಶ್ರುತಿ ಸರಿಪಡಿಸುವ ಯಂತ್ರ ಇಡಬಹುದು, ಆದರೆ ಆನೆಯ ತಲೆಯಾಟಕ್ಕೆ ಸರಿಸಮ ಅಳೆಯುವುದು ಹೇಗೆ?

ಮೇಡಂ ಹಿಡಿದ ದಾರಿ ಬೇರೆ. ಕಳಿಸುವ ಸುರುಳಿಗೆ ಇದೇ ಶ್ರುತಿ ಎಂದು ಕಟ್ಟಿಹಾಕಬಾರದು. ತುಂಬುವ ಬಲವನ್ನಷ್ಟೇ ಕೊಟ್ಟು ಬಿಟ್ಟುಬಿಡಬೇಕು. ಆ ಕಡೆ ಎಷ್ಟು ಖರ್ಚಾಗುತ್ತಿದೆಯೋ ಈ ಕಡೆ ಅಷ್ಟೇ ತುಂಬಿ ಸಮವಾಗುವ ಶ್ರುತಿಯನ್ನು ಜೋಡಿ ತಾನೇ ಹುಡುಕಿಕೊಳ್ಳುತ್ತದೆ.

ಇದು ನನ್ನ ತಲೆಗೆ ಹೋಗದಿದ್ದಾಗ ಅವರು ಹೇಳಿದ್ದು ಹೀಗೆ: “ಎಲೆ ಕೊಡೋಳು ಗಡಿಯಾರ ನೋಡ್ಕೊಂಡು ಕೊಟ್ರೆ ಕಟ್ಟೋಳ ಕೈ ಖಾಲಿ ಇರ್ತದೆ, ಇಲ್ಲಾ ಎಲೆ ಮಡಿಲಲ್ಲಿ ರಾಶಿ ಬೀಳ್ತದೆ. ನಾನು ಅವ್ವನ ಕೈ ನೋಡ್ಕೊಂಡೇ ಕೊಡ್ತಿದ್ದೆ. ಅವ್ವ ನಿಧಾನ ಮಾಡಿದ್ರೆ ನಂದೂ ನಿಧಾನ. ಯಾರೂ ಎಣಿಸ್ತಿರ್ಲಿಲ್ಲ.” ಆಮೇಲೆ ತಾವೇ ಸೇರಿಸಿದರು: “ಒಂದು ದೂರದ ತನಕ ಮಾತ್ರ ಇದು ನಡೀತದೆ. ಅದು ದಾಟಿದ್ರೆ ಜೋಡಿ ಮುರೀತದೆ. ಅದನ್ನೂ ಹೇಳ್ಬೇಕು.” ಈ ದಾರಿಯನ್ನು ಲೋಕದಲ್ಲಿ ಮೊದಲು ಹುಡುಕಿದವರು ತಾವಲ್ಲವೆಂದು ಅವರು ಎಲ್ಲರಿಗೂ ಹೇಳುತ್ತಿದ್ದರು. ಅದನ್ನು ಆನೆಯ ಕೊರಳಿನವರೆಗೆ ತರುವುದು ತಮ್ಮ ಪಾಲಿನದು ಎಂದೂ ಹೇಳುತ್ತಿದ್ದರು.

ಪ್ರಯೋಗಾಲಯದ ಒಂದು ಮೂಲೆ ಅವರಿಬ್ಬರದಾಯಿತು. ಪವಿತ್ರ ತಾಮ್ರದ ತಂತಿ ಸುತ್ತುವಳು, ಮೇಡಂ ಬೆಸುಗೆ ಹಾಕುವರು. ಎಷ್ಟೋ ಸುರುಳಿಗಳು ಬಿಸಿಯಾಗಿ ಕಪ್ಪಾದವು. ಒಂದು ಮಧ್ಯಾಹ್ನ ಪ್ರಾಂಶುಪಾಲರಿಗೆ ಯಾವುದೋ ಸಹಿ ಬೇಕಾಗಿ ನನ್ನನ್ನೂ ಕರೆದುಕೊಂಡು ಅಲ್ಲಿಗೆ ಹೋದರು. ನೋಡಿದರೆ, ಆನೆಯ ದಪ್ಪ ಪಟ್ಟಿಯನ್ನು ಎರಡೂ ಹೆಗಲ ಮೇಲಿಂದ ಇಳಿಬಿಟ್ಟುಕೊಂಡು ಮೇಡಂ ಸುರುಳಿಯ ಮುಂದೆ ಸ್ಟೂಲಿನ ಮೇಲೆ ಕೂತಿದ್ದಾರೆ. ಕಣ್ಣು ಮುಚ್ಚಿ ಆ ಕಡೆ ಈ ಕಡೆ ತೂಗುತ್ತಿದ್ದಾರೆ, ಬಗ್ಗುತ್ತಿದ್ದಾರೆ, ತಲೆ ಕೊಡವುತ್ತಿದ್ದಾರೆ.

“ಏನ್ ಮೇಡಂ ಇದು?”

“ಆನೆ ಸಾರ್” ಎಂದರು ಮೇಡಂ, ತೂಗುವುದನ್ನು ನಿಲ್ಲಿಸದೆ. “ಪವಿತ್ರ, ಮೀಟರು ನೋಡಿದ್ಯಾಮ್ಮ?”

“ಅಲ್ಲೇ ನಿಂತದೆ ಮೇಡಂ. ಅಲ್ಲಾಡ್ತಿಲ್ಲ.”

ಮೇಡಂ ಕಣ್ಣು ತೆರೆದರು. ಪ್ರಾಂಶುಪಾಲರ ಸಹಿಯ ಕೆಲಸ ಅಂದು ಆಗಲಿಲ್ಲ.

ಆಮೇಲೆ ಅನುಮತಿಗಾಗಿ ಓಡಾಟ. ಪ್ರಾಣಿವೈದ್ಯರಿಗೆ ಒಂದೇ ಚಿಂತೆ, ಆನೆಗೆ ತೊಂದರೆಯಾಗಬಾರದು. ಅದು ನ್ಯಾಯವೇ. ಮೇಡಂ ಆ ಪಟ್ಟಿಯನ್ನು ವೈದ್ಯರ ಎದುರಿಗೇ ತಮ್ಮ ಕೊರಳಿಗೆ ಹಾಕಿಕೊಂಡು ಕೂತು, ಚರ್ಮ ಬಿಸಿಯಾಗಿದೆಯೇ ಮುಟ್ಟಿ ನೋಡಿ ಎಂದರು. ಅದರ ಮೇಲೂ ವೈದ್ಯರು ತಮ್ಮ ಪರೀಕ್ಷೆಗಳನ್ನೆಲ್ಲ ಮಾಡಿಸಿದರು. ಕೊನೆಗೆ ಪವಿತ್ರಳ ಅಪ್ಪ ನೋಡಿಕೊಳ್ಳುವ ಗಂಗೆ ಎಂಬ ಹಳೆಯ ಹೆಣ್ಣಾನೆಯ ಮೇಲೆ ಪ್ರಯೋಗ ಮಾಡಲು ಒಪ್ಪಿಗೆ ಸಿಕ್ಕಿತು.

ಮೊದಲ ಸಲ ಏನಾಯಿತೆಂದರೆ, ಗಂಗೆ ಮೇವು ತಿನ್ನುವ ಜಾಗದ ಪಕ್ಕದಲ್ಲಿ ಕಂಬ ನೆಟ್ಟು, ಅದಕ್ಕೆ ಸುರುಳಿ ಕಟ್ಟಿದ್ದರು. ಅಧಿಕಾರಿಗಳು, ವೈದ್ಯರು, ನಾಲ್ಕಾರು ಮಾವುತರು ಸುತ್ತ ನಿಂತಿದ್ದರು. ಗಂಗೆ ಬಂದಳು, ಕಂಬವನ್ನು ಮೂಸಿದಳು, ನಿಧಾನವಾಗಿ ಕಿತ್ತಳು, ಅದರಿಂದ ಬೆನ್ನು ಕೆರೆದುಕೊಂಡಳು. ತಿಂಗಳುಗಟ್ಟಲೆ ಸುತ್ತಿದ ತಂತಿ ಅವಳ ಕಾಲಡಿ ಹೋಯಿತು. ನೋಡುತ್ತಿದ್ದವರು ನಕ್ಕರು. ಮೇಡಂ ಕೂಡ ನಕ್ಕರು. ಆದರೆ ಜೀಪಿಗೆ ಬಂದು ಕೂತ ಮೇಲೆ ಅವರ ಮುಖ ಸಣ್ಣಗಾಗಿತ್ತು. “ಕಂಬ ಇದ್ದ ಅಷ್ಟು ಹೊತ್ತೂ ಕರೆಂಟು ಸರಿಯಾಗಿ ಹೋಗ್ಲಿಲ್ಲ ಮೇಷ್ಟ್ರೇ. ಅವಳು ಕೊರಳು ತಿರುಗಿಸಿದ ತಕ್ಷಣ ಪಟ್ಟೀಲಿ ಸುರುಳಿ ಇರೋ ಬ್ಯಾಟರಿ ಪೆಟ್ಟಿಗೆ ಆಚೆ ಆಗ್ತದೆ” ಎಂದರು.

ಹಿಂದಿನ ಸೀಟಿನಲ್ಲಿದ್ದ ಪವಿತ್ರ ಆಗ ಮಾತಾಡಿದಳು.

“ಮೇಡಂ, ಬ್ಯಾಟರಿ ಪೆಟ್ಟಿಗೆ ಭಾರ ಅಲ್ವಾ. ಆನೆ ಎಂಗೆ ತಿರುಗಿದ್ರೂ ಅದು ಕೊರಳ ಕೆಳಗಡೇಗೇ ಬತ್ತದೆ. ಸುರುಳೀನ ನೆಲದಲ್ಲಿ ಇಡುವ.”

“ನೆಲದಿಂದ ಕೊರಳಿಗೆ ದೂರ ಆಯ್ತದಲ್ಲಮ್ಮ. ಜೋಡಿ ಮುರೀತದೆ.”

“ಮಣ್ಣಿನ ದಿಬ್ಬ ಮಾಡಿ ಅದ್ರೊಳಗೆ ಇಡುವ. ಉಪ್ಪು ದಿಬ್ಬದ ಆಚೆ ಇಡುವ. ಉಪ್ಪು ತಿನ್ಬೇಕು ಅಂದ್ರೆ ಅದು ದಿಬ್ಬದ ಮೇಲೆ ಕೊರಳು ಚಾಚ್ಲೇಬೇಕು.”

ಮೇಡಂ ಜೀಪು ನಿಲ್ಲಿಸಲು ಹೇಳಿದರು. ಇಳಿದು, ರಸ್ತೆಯ ಬದಿಯಲ್ಲಿ ಕಾಲಿನಿಂದ ಮಣ್ಣು ಗುಡ್ಡೆ ಮಾಡಿ, ಅದರ ಆಚೆ ಒಂದು ಕಲ್ಲಿಟ್ಟು, ತಾವೇ ಬಗ್ಗಿ ಕೊರಳು ಚಾಚಿ ನೋಡಿದರು. “ಹೌದು ಕಣೇ” ಎಂದರು. ಆ ‘ಕಣೇ’ ಅವರು ಬಹಳ ಪ್ರೀತಿ ಬಂದಾಗ ಮಾತ್ರ ಆಡುವ ಮಾತು.

ಮಳೆ ಕಳೆದ ಮೇಲೆ ಎರಡನೇ ಸಲ ಹೋದೆವು. ಶಿಬಿರದ ಅಂಚಿನಲ್ಲಿ ಹುಲ್ಲು ಹೊದಿಸಿದ ದಿಬ್ಬ, ಅದರಾಚೆ ಉಪ್ಪು. ಗಂಗೆಯ ಪಟ್ಟಿಗೆ ಒಂದು ಸಣ್ಣ ದೀಪ ಸಿಕ್ಕಿಸಿದ್ದರು. ವಿದ್ಯುತ್ತು ಹೋದಷ್ಟು ಹೊತ್ತು ಅದು ಉರಿಯಬೇಕು, ಕಡಿಮೆಯಾದರೆ ಮಂಕಾಗಬೇಕು. ಗಂಗೆ ದಿಬ್ಬದ ಮೇಲೆ ಕೊರಳು ಚಾಚಿದಳು. ದೀಪ ಹತ್ತಿತು. ಅವಳು ಬಗ್ಗಿದಳು, ಎದ್ದಳು, ಕಿವಿ ಬೀಸಿದಳು, ಯಾರೋ ಕೆಮ್ಮಿದ್ದಕ್ಕೆ ಇತ್ತ ತಿರುಗಿ ನೋಡಿ ಮತ್ತೆ ಉಪ್ಪಿಗೆ ಸೊಂಡಿಲು ಹಾಕಿದಳು. ದೀಪದ ಬೆಳಕು ಹಾಗೇ ಇತ್ತು. ನಾನು ಮೇಡಂ ಮುಖ ನೋಡಿದೆ. ಅವರು ದೀಪ ನೋಡುತ್ತಿರಲಿಲ್ಲ, ಪವಿತ್ರಳನ್ನು ನೋಡುತ್ತಿದ್ದರು.

ಪವಿತ್ರಳ ಅಪ್ಪ ಕುಂಟುತ್ತ ನಮ್ಮ ಹತ್ತಿರ ಬಂದರು. “ಆನೆ ಕುಣೀತು ಮೇಡಮ್ಮೋರೆ, ದೀಪ ಕುಣೀನಿಲ್ಲ” ಎಂದರು.

“ನಿಮ್ಮ ಮಗಳು ಹೇಳಿದ ಹಾಗೆ ಮಾಡಿದ್ದಕ್ಕೇ ಕಣ್ರೀ” ಎಂದರು ಮೇಡಂ. ಆತ ಮಗಳ ಕಡೆ ನೋಡಿ, ಗಂಗೆಯ ಕಾಲು ತಟ್ಟುತ್ತ ನಿಂತುಬಿಟ್ಟರು.

ಸುದ್ದಿ ಹರಡಿತು. ದೊಡ್ಡ ಊರಿನ ದೊಡ್ಡ ಸಂಶೋಧನಾ ಸಂಸ್ಥೆಯೊಂದರಿಂದ ಕರೆ ಬಂತು. ಕಾಡಾನೆಗೆ ಹಾಕುವಂಥ ಗಟ್ಟಿ ಪಟ್ಟಿ ಮಾಡಿಸಲು, ಕಾಡೊಳಗೆ ದಿಬ್ಬ ಕಟ್ಟಲು ನಮ್ಮ ಕಾಲೇಜಿಗೆ ಶಕ್ತಿ ಇರಲಿಲ್ಲ. ಅವರ ಬಳಿ ಎಲ್ಲ ಇತ್ತು. ಮೇಡಂ, ಪವಿತ್ರ, ನಾನು ಮೂವರೂ ಹೋದೆವು. ಬಹಳ ಮರ್ಯಾದೆಯಿಂದ ಕೂರಿಸಿ ಮಾತಾಡಿಸಿದರು. ಎಲ್ಲ ಮುಗಿದು ಸಂಶೋಧನಾ ಪ್ರಬಂಧದ ಮಾತು ಬಂದಾಗ ಅಲ್ಲಿನ ಹಿರಿಯ ವಿಜ್ಞಾನಿ, ಪ್ರಬಂಧದಲ್ಲಿ ತಮ್ಮವರ ಹೆಸರುಗಳೂ ಮೇಡಂ ಹೆಸರೂ ಇರುತ್ತವೆ ಎಂದರು. ವಿದ್ಯಾರ್ಥಿನಿಗೆ ಕೊನೆಯಲ್ಲಿ ಕೃತಜ್ಞತೆ ಹೇಳೋಣ, ಅವಳಿನ್ನೂ ಪದವಿಯನ್ನೂ ಮುಗಿಸಿಲ್ಲವಲ್ಲ ಎಂದರು.

“ದಿಬ್ಬ ಅವಳದು” ಎಂದರು ಮೇಡಂ.

“ಅದು ಒಳ್ಳೆಯ ಸಲಹೆ ಮೇಡಂ. ಆದರೆ ಮುಖ್ಯವಾದದ್ದು ನಿಮ್ಮ ಸರ್ಕ್ಯೂಟು.”

“ನನ್ನ ಸರ್ಕ್ಯೂಟು ನನ್ನ ಕೊರಳಿಗೆ ಕರೆಂಟು ಕೊಡ್ತಿತ್ತು ಸಾರ್. ಆನೆ ಕೊರಳಿಗೆ ಹೋಗಿದ್ದು ದಿಬ್ಬ ಆದ್ಮೇಲೆ. ಅವಳ ಹೆಸರು ಮೊದಲು ಬರ್ಲಿ, ನಂದು ಆಮೇಲೆ ಬರ್ಲಿ, ನಿಮ್ಮದೆಲ್ಲ ಅದರಾಮೇಲೆ ಸಂತೋಷವಾಗಿ ಬರ್ಲಿ.”

ಆ ಹಿರಿಯರು ಕೆಟ್ಟವರಲ್ಲ. ತಮ್ಮಲ್ಲಿ ಹಾಗೆ ರೂಢಿಯಿಲ್ಲ ಎಂದರು. ಮೇಡಂ, “ಹಾಗಾದ್ರೆ ನಾವು ಬರ್ತೀವಿ ಸಾರ್” ಎಂದು ಎದ್ದರು. ಪವಿತ್ರಳ ಕಣ್ಣಲ್ಲಿ ನೀರಿತ್ತು. ಹೊರಗೆ ಬಂದ ಮೇಲೆ, “ನನ್ನ ಹೆಸ್ರು ಬ್ಯಾಡ ಮೇಡಂ, ನಮ್ಮೂರಿಗೆ ಆ ಪಟ್ಟಿ ಬಂದ್ರೆ ಸಾಕು” ಎಂದಳು.

“ಎರಡೂ ಬತ್ತದೆ, ಬಾ” ಎಂದರು ಮೇಡಂ. ನನಗೆ ಮಾತ್ರ ಕೇಳಿಸುವಂತೆ, “ಪಟ್ಟಿ ಬರೋದು ತಡ ಆಗಿ ಅಷ್ಟರಲ್ಲಿ ಆನೆ ಯಾರನ್ನಾದ್ರೂ ತುಳಿದ್ರೆ, ನನ್ನ ಹಟಕ್ಕೆ ಒಂದು ಜೀವ ಹೋದ ಹಾಗಾಗ್ತದೆ ಮೇಷ್ಟ್ರೇ” ಎಂದರು. ಆ ತಿಂಗಳುಗಳಲ್ಲಿ ಅವರು ಬಹಳ ಸೊರಗಿದರು. ಬೇಗೂರು ಕಡೆಯ ಸುದ್ದಿ ಏನಾದರೂ ಇದೆಯೇ ಎಂದು ದಿನಾ ಬೆಳಿಗ್ಗೆ ಬಸ್ಸಿನಲ್ಲಿ ನನ್ನನ್ನು ಕೇಳುತ್ತಿದ್ದರು. ಇಲ್ಲ ಎಂದರೆ ಕಿಟಕಿಯ ಕಡೆ ತಿರುಗುತ್ತಿದ್ದರು.

ಇಬ್ಬರೇ ಕೂತು ಪ್ರಬಂಧ ಬರೆದರು. ಅದನ್ನು ಒಂದು ವಿಜ್ಞಾನ ಪತ್ರಿಕೆಗೆ ಕಳಿಸಿದರು; ಪತ್ರಿಕೆಯವರು ಒಮ್ಮೆ ತಿದ್ದಲು ವಾಪಸು ಕಳಿಸಿ, ಆಮೇಲೆ ಅಚ್ಚು ಹಾಕಿದರು. ಮೊದಲ ಹೆಸರು ಪವಿತ್ರಳದು. ಕೆಳಗೆ ನಮ್ಮ ಕೋಟೆಯ ಕಾಲೇಜಿನ ವಿಳಾಸ. ಹೊರದೇಶದವರು ಓದುವ ಪತ್ರಿಕೆಯಲ್ಲಿ ನಮ್ಮೂರಿನ ಹೆಸರು ಕಂಡಾಗ ನಾನು ಅದನ್ನು ಸ್ಟಾಫ್ ರೂಮಿನ ಎಲ್ಲರಿಗೂ ತೋರಿಸಿದೆ, ಕ್ಯಾಂಟೀನಿನವನಿಗೂ ತೋರಿಸಿದೆ. ಸ್ವಲ್ಪ ದಿನಕ್ಕೆ ಅದೇ ಹಿರಿಯ ವಿಜ್ಞಾನಿ ತಾವೇ ಕೋಟೆಗೆ ಬಂದರು. ಪ್ರಬಂಧ ಓದಿದೆ, ನೀವು ಹೇಳಿದ ಹಾಗೇ ಆಗಲಿ ಮೇಡಂ, ಕೂಡಿ ಮಾಡೋಣ ಎಂದರು. ಮೇಡಂ ಅವರಿಗೆ ಟೀ ತರಿಸಿದರು. ಹಳೆಯ ಮಾತು ಒಂದನ್ನೂ ಎತ್ತಲಿಲ್ಲ.

ಬೇಗೂರು ಕಡೆ ಓಡಾಡುವ ಹಿಂಡಿನ ಹಿರಿಯ ಆನೆಗೆ ಪಟ್ಟಿ ಬದಲಾಯಿಸುವಾಗ ಈ ಹೊಸ ಪಟ್ಟಿಯನ್ನೇ ಹಾಕಿದರು. ಅದು ಉಪ್ಪು ತಿನ್ನಲು ಬರುವ ಜಾಗದಲ್ಲಿ ದಿಬ್ಬ ಎದ್ದಿತು. ಹಳೆಯ ಬ್ಯಾಟರಿಯಾದರೆ ಸಾಯುತ್ತಿದ್ದ ಕಾಲ ಬಂದುಹೋಯಿತು, ಪಟ್ಟಿ ಮಾತಾಡುತ್ತಲೇ ಇದೆ. ಮದ್ದು ಹೊಡೆದು ಆನೆಯನ್ನು ಮತ್ತೆ ಕೆಡವಬೇಕಾಗಿಲ್ಲ. ಪವಿತ್ರ ಈಗ ಮೈಸೂರಿನಲ್ಲಿ ಎಂಎಸ್ಸಿ ಓದುತ್ತಿದ್ದಾಳೆ.

ಬೀಳ್ಕೊಡುಗೆಯಾದ ಮೇಲಿನ ವಾರ ಮೇಡಂ ಜೊತೆ ಅಂತರಸಂತೆಯ ಸಂತೆಗೆ ಹೋಗಿದ್ದೆ. ಸೊಗಡವರೆ ಕಾಲ. ಮೇಡಂ ಕಾಯಿ ಆರಿಸುತ್ತ ಚೌಕಾಸಿಗೆ ನಿಂತಿದ್ದಾಗ ಸುತ್ತಲಿನ ಹಲವರ ಜೇಬಿನಲ್ಲಿ, ಸೆರಗಿನ ಗಂಟಿನಲ್ಲಿ ಫೋನುಗಳು ಸದ್ದು ಮಾಡಿದವು. ಒಬ್ಬ ಓದಿ ಹೇಳಿದ, ಇನ್ನೊಬ್ಬ ತಲೆಯಾಡಿಸಿದ. ಗಾಬರಿಯಿಲ್ಲ. ಸಂತೆ ಮುಗಿಸಿ ಹೊರಟಿದ್ದ ಹೆಂಗಸರು ಚೀಲ ಕೆಳಗಿಟ್ಟು ಕೂತರು. ಅವರೆಕಾಯಿಯವನು ಮೇಡಂಗೆ ಹೇಳಿದ:

“ಅಕ್ಕೋ, ಬೇಗೂರು ಕಡೆಗೆ ಓಗೋರಾ ನೀವು? ಆನೆ ಹಿಂಡು ರಸ್ತೇಲದಂತೆ. ಈಗ್ಲೇ ಓಗ್ಬ್ಯಾಡಿ, ಅವು ದಾಟ್ಕಳ್ಳಿ.”

“ಆಯ್ತು ಕಣಪ್ಪ” ಎಂದರು ಮೇಡಂ, ಒಂದು ಹುಳುಕು ಕಾಯಿ ತೆಗೆದು ಪಕ್ಕಕ್ಕೆ ಹಾಕುತ್ತ.

ನನಗೆ ತಡೆಯಲಾಗಲಿಲ್ಲ. “ಆ ಆನೆ ಪಟ್ಟಿಗೆ ಕರೆಂಟು ಕಳಿಸಿದೋರು ಇವರೇ ಕಣಯ್ಯ” ಎಂದೆ.

ಅವನು ತಕ್ಕಡಿ ಹಿಡಿದಿದ್ದ ಕೈ ಹಾಗೇ ನಿಲ್ಲಿಸಿ ಮೇಡಂ ಮುಖವನ್ನು ಸ್ವಲ್ಪ ಹೊತ್ತು ನೋಡಿದ. ತೂಗಿದ್ದರ ಮೇಲೆ ದೊಡ್ಡದೊಂದು ಹಿಡಿ ಕಾಯಿ ಎತ್ತಿ, “ತಕಳಕ್ಕ” ಎಂದ.

ಬೇಡವೆನ್ನುತ್ತಾರೆ ಎಂದುಕೊಂಡೆ. ಮೇಡಂ ಚೀಲವನ್ನು ಎರಡೂ ಕೈಯಲ್ಲಿ ಅಗಲವಾಗಿ ಹಿಡಿದು ಹಾಕಿಸಿಕೊಂಡರು. ಹಾಕಿಸಿಕೊಂಡ ಮೇಲೂ ಚೀಲದ ಬಾಯಿ ಮುಚ್ಚಲಿಲ್ಲ.

“ಇನ್ನೊಂದು ಹಿಡಿ ಹಾಕಪ್ಪ” ಎಂದರು. “ನಮ್ಮ ಹುಡುಗಿ ಪಾಲು.”